ಮಗುವಿಗೆ ಯಾವ ಸ್ಕ್ಯಾನಿಂಗ್, ಯಾವಾಗ, ಏಕೆ? – ಕೊರೋನಾ ಸಂಬಂಧಿ ಕಾಯಿಲೆಗಳಲ್ಲಿ ಎಕ್ಸ್-ರೇ, ಸಿ.ಟಿ., ಸೋನೋಗ್ರಫಿ ಮತ್ತು ಎಕೋ ಕುರಿತು ಪಾಲಕರಿಗೆ ತಿಳಿವಳಿಕೆ



ಮಕ್ಕಳ ವಿಭಾಗದ ಹೊರಗಿನ ಬೆಂಚಿನ ಮೇಲೆ ಕುಳಿತವರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಎರಡು. ಮೊದಲನೆಯದು, "ಸಿಸ್ಟರ್, ಇಷ್ಟು ಕೆಮ್ಮು ಇದೆ, ಒಂದು ಸ್ಕ್ಯಾನಿಂಗ್ ಮಾಡಿಸಿಬಿಡಬಾರದೇ?" ಎರಡನೆಯದು ಇದಕ್ಕೆ ವಿರುದ್ಧವಾದದ್ದು. "ಸಿಸ್ಟರ್, ಮಗು ಆಡಿಕೊಂಡಿದೆ, ಮತ್ತೆ ಯಾಕೆ ಎಕೋ?" ಬೇಡದ ಪರೀಕ್ಷೆಯನ್ನು ಕೇಳಿ ಮಾಡಿಸುವುದೂ ತಪ್ಪು, ಬೇಕಾದ ಪರೀಕ್ಷೆಯನ್ನು ಬಿಡುವುದೂ ತಪ್ಪು. ಎರಡನೆಯ ತಪ್ಪಿನಿಂದ ಮಗುವಿನ ಹೃದಯಕ್ಕೇ ಅಪಾಯವಾಗಬಹುದು. ಆದ್ದರಿಂದ ಯಾವ ಚಿತ್ರ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ಈ ಪಾಠದಲ್ಲಿ ಸರಳವಾಗಿ ತಿಳಿಯೋಣ.

ನಮ್ಮ ಕರಾವಳಿಯ ನೆನಪು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಕೊರೋನಾ ಎಂದರೆ ದೂರದ ಸುದ್ದಿಯಲ್ಲ. 2020ರ ಮಾರ್ಚ್ ತಿಂಗಳಲ್ಲೇ ಭಟ್ಕಳದಲ್ಲಿ ಸೋಂಕು ಪತ್ತೆಯಾಗಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಅದೇ ವರ್ಷ ಮೇ 8ರಂದು ಭಟ್ಕಳದಲ್ಲಿ ಒಂದೇ ದಿನ 12 ಜನರಿಗೆ ಸೋಂಕು ಖಚಿತವಾಯಿತು. ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಜಿಲ್ಲೆಯ ಸೋಂಕಿತರನ್ನು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸಾಗಿಸಿ ಚಿಕಿತ್ಸೆ ಕೊಡಲಾಗುತ್ತಿತ್ತು. ಹಸುಗೂಸನ್ನು ಎತ್ತಿಕೊಂಡು ಆಂಬ್ಯುಲೆನ್ಸ್ ಹತ್ತಿದ ತಾಯಂದಿರ ಸಂಕಟವನ್ನು ಈ ಭಾಗದ ಜನ ಇನ್ನೂ ಮರೆತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೊರೋನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಆದರೆ ತುರ್ತುಸ್ಥಿತಿ ಮುಗಿದಿತೆಂದರೆ ವೈರಾಣು ಹೋಯಿತೆಂದು ಅರ್ಥವಲ್ಲ. ಅದು ಈಗಲೂ ನೆಗಡಿ-ಕೆಮ್ಮಿನ ಇತರ ವೈರಾಣುಗಳ ಜೊತೆ ಸುಳಿಯುತ್ತಿರುತ್ತದೆ. ಆಗ ಕಲಿತ ಪಾಠ ಇಂದಿಗೂ ಉಪಯೋಗಕ್ಕೆ ಬರುವಂಥದ್ದು.

ಮಕ್ಕಳಲ್ಲಿ ಕೊರೋನಾ ಎರಡು ರೀತಿ

ಒಂದನೆಯದು, ಸೋಂಕು ತಗುಲಿದಾಗ ಬರುವ ಜ್ವರ, ನೆಗಡಿ, ಕೆಮ್ಮು, ವಾಂತಿ-ಭೇದಿ. ಬಹುಪಾಲು ಮಕ್ಕಳಲ್ಲಿ ಇದು ಸೌಮ್ಯವಾಗಿದ್ದು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೆಲವೇ ಮಕ್ಕಳಲ್ಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ಎರಡನೆಯದು ಅಪರೂಪದ್ದು, ಆದರೆ ಗಂಭೀರವಾದದ್ದು. ಸೋಂಕು ಬಂದು ಹೋದ ಸುಮಾರು 2ರಿಂದ 6 ವಾರಗಳ ನಂತರ, ಎಲ್ಲವೂ ಸರಿಯಾಯಿತು ಎಂದುಕೊಂಡಿರುವಾಗ, ಮಗುವಿಗೆ ಮತ್ತೆ ಜೋರು ಜ್ವರ ಬರುತ್ತದೆ. ಕಣ್ಣು ಕೆಂಪಾಗುತ್ತದೆ, ಮೈಮೇಲೆ ದದ್ದು ಏಳುತ್ತದೆ, ಹೊಟ್ಟೆನೋವು, ವಾಂತಿ ಬರುತ್ತದೆ, ಕೈಕಾಲು ತಣ್ಣಗಾಗಿ ರಕ್ತದೊತ್ತಡ ಕುಸಿಯುತ್ತದೆ. ಇಲ್ಲಿ ತೊಂದರೆ ಕೊಡುವುದು ವೈರಾಣುವಲ್ಲ. ಅದನ್ನು ಎದುರಿಸಲು ಎದ್ದ ದೇಹದ ರಕ್ಷಣಾಶಕ್ತಿಯೇ ಹತೋಟಿ ಮೀರಿ ಹೃದಯ, ಕರುಳು, ಚರ್ಮ, ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸಿರುತ್ತದೆ. ಇದಕ್ಕೆ ವೈದ್ಯರು 'ಮಿಸ್-ಸಿ' ಎನ್ನುತ್ತಾರೆ, ಅಂದರೆ ಮಕ್ಕಳ ಬಹು ಅಂಗಾಂಗ ಉರಿಯೂತ. 2020ರ ಏಪ್ರಿಲ್ ಕೊನೆಯಲ್ಲಿ ಇಂಗ್ಲೆಂಡಿನ ವೈದ್ಯರು ಇದರ ಬಗ್ಗೆ ಮೊದಲು ಎಚ್ಚರಿಸಿದರು. ಮುಂದಿನ ತಿಂಗಳು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗುರುತಿಸುವ ಲಕ್ಷಣಗಳನ್ನು ಪ್ರಕಟಿಸಿತು. ಈಗ ಇದು ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ಇಲ್ಲವಾಗಿಲ್ಲ.

ಮೊದಲನೆಯದರಲ್ಲಿ ವೈದ್ಯರು ನೋಡಬೇಕಾದದ್ದು ಎದೆಯನ್ನು. ಎರಡನೆಯದರಲ್ಲಿ ಮುಖ್ಯವಾಗಿ ಹೃದಯವನ್ನು. ಆದ್ದರಿಂದಲೇ ಪರೀಕ್ಷೆಗಳೂ ಬೇರೆ ಬೇರೆ.

1. ಎದೆಯ ಎಕ್ಸ್-ರೇ

ಎಕ್ಸ್-ರೇ ಎಂದರೆ ಕಿರಣಗಳಿಂದ ತೆಗೆದ ನೆರಳಿನ ಚಿತ್ರ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಕಿರಣಗಳು ಸುಲಭವಾಗಿ ಹಾದುಹೋಗುವುದರಿಂದ ಅದು ಕಪ್ಪಾಗಿ ಕಾಣುತ್ತದೆ. ಎಲುಬು ಕಿರಣಗಳನ್ನು ತಡೆಯುವುದರಿಂದ ಬೆಳ್ಳಗೆ ಕಾಣುತ್ತದೆ. ನ್ಯುಮೋನಿಯಾ ಆದಾಗ ಗಾಳಿ ಇರಬೇಕಾದ ಜಾಗದಲ್ಲಿ ನೀರು, ಕೀವು ತುಂಬಿಕೊಂಡು ಕಪ್ಪಿನ ನಡುವೆ ಬಿಳಿ ಮಚ್ಚೆಗಳು ಕಾಣುತ್ತವೆ. ಕೊರೋನಾದಲ್ಲಿ ಈ ಮಚ್ಚೆಗಳು ಅನೇಕ ಸಲ ಎರಡೂ ಬದಿಯಲ್ಲಿ, ಕೆಳಭಾಗದಲ್ಲಿ, ಅಂಚಿನ ಕಡೆಗೆ ಇರುತ್ತವೆ.

ಆದರೆ ಮೂರು ಮಾತು ನೆನಪಿಡಿ:

- ಎಕ್ಸ್-ರೇ ನೋಡಿ "ಇದು ಕೊರೋನಾವೇ" ಎಂದು ಹೇಳಲಾಗದು. ಬೇರೆ ವೈರಾಣುಗಳಿಂದಲೂ ಇಂಥದೇ ಮಚ್ಚೆಗಳು ಬರುತ್ತವೆ. ಸೋಂಕನ್ನು ಖಚಿತಪಡಿಸುವುದು ಮೂಗು-ಗಂಟಲಿನ ದ್ರವದ ಪರೀಕ್ಷೆ.
- ಎಕ್ಸ್-ರೇ ಸರಿಯಿದೆ ಎಂದ ಮಾತ್ರಕ್ಕೆ ಸೋಂಕಿಲ್ಲ ಎಂದು ಅರ್ಥವಲ್ಲ. ಸೌಮ್ಯ ಕಾಯಿಲೆಯ ಬಹಳಷ್ಟು ಮಕ್ಕಳ ಎಕ್ಸ್-ರೇ ಸರಿಯಾಗಿಯೇ ಇರುತ್ತದೆ.
- ಮಗು ಉಸಿರಾಟಕ್ಕೆ ಕಷ್ಟಪಡದೆ, ಹಾಲು-ಗಂಜಿ ಕುಡಿಯುತ್ತ, ಆಮ್ಲಜನಕದ ಪ್ರಮಾಣ ಸರಿಯಾಗಿದ್ದರೆ ಸಾಮಾನ್ಯವಾಗಿ ಎಕ್ಸ್-ರೇ ಬೇಕಾಗುವುದಿಲ್ಲ.

ಮಿಸ್-ಸಿ ಆದ ಮಗುವಿನ ಎಕ್ಸ್-ರೇಯಲ್ಲಿ ಹೃದಯದ ಗಾತ್ರ ದೊಡ್ಡದಾಗಿ ಕಾಣಬಹುದು, ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು. ಹೀಗೆ ಕಂಡರೆ ವೈದ್ಯರು ಕೂಡಲೇ ಎಕೋಗೆ ಬರೆಯುತ್ತಾರೆ.

2. ಸಿ.ಟಿ. ಸ್ಕ್ಯಾನ್

2021ರ ಏಪ್ರಿಲ್-ಮೇ ತಿಂಗಳು, ಎರಡನೆಯ ಅಲೆಯ ದಿನಗಳು. ದೊಡ್ಡವರೆಲ್ಲ ತಮ್ಮ ಸಿ.ಟಿ. 'ಸ್ಕೋರ್' ಎಷ್ಟೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅದೇ ಗಾಬರಿಯಲ್ಲಿ ಮಕ್ಕಳಿಗೂ ಸಿ.ಟಿ. ಮಾಡಿಸಲು ಪಾಲಕರು ಸಾಲು ನಿಂತರು. ಆಗ, 2021ರ ಜೂನ್‌ನಲ್ಲಿ, ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಮಕ್ಕಳ ಕೊರೋನಾ ಚಿಕಿತ್ಸೆಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಮಕ್ಕಳ ಎದೆಯ ಸಿ.ಟಿ.ಯನ್ನು ವಿವೇಚನೆಯಿಂದ ಬಳಸಬೇಕು, ಎಲ್ಲರಿಗೂ ಮಾಡಬಾರದು ಎಂಬುದು ಅದರ ಒಂದು ಮುಖ್ಯ ಮಾತು.

ಕಾರಣವೇನು? ಸಿ.ಟಿ. ಯಂತ್ರ ಎದೆಯ ಸುತ್ತ ತಿರುಗುತ್ತ ಅನೇಕ ಎಕ್ಸ್-ರೇ ತೆಗೆದು, ಕಂಪ್ಯೂಟರ್ ಮೂಲಕ ತೆಳ್ಳಗಿನ ಹೋಳುಗಳ ಚಿತ್ರ ಕೊಡುತ್ತದೆ. ಎಕ್ಸ್-ರೇಯಲ್ಲಿ ಕಾಣದ ಮಬ್ಬು ಗಾಜಿನಂಥ ಚಿಕ್ಕ ಮಚ್ಚೆಯೂ ಅದರಲ್ಲಿ ಕಾಣುತ್ತದೆ. ಆದರೆ ಸೌಮ್ಯ ಕಾಯಿಲೆಯ ಮಗುವಿನಲ್ಲಿ ಆ ಮಚ್ಚೆ ಕಂಡರೂ, ಕಾಣದಿದ್ದರೂ ಔಷಧಿ ಬದಲಾಗುವುದಿಲ್ಲ. ಚಿಕಿತ್ಸೆಯನ್ನು ನಿರ್ಧರಿಸುವುದು ಮಗುವಿನ ಉಸಿರಾಟ ಮತ್ತು ಆಮ್ಲಜನಕವೇ ಹೊರತು ಸ್ಕೋರ್ ಅಲ್ಲ. ಲಾಭವಿಲ್ಲದ ಕಡೆ ಕಿರಣದ ಹೊರೆ ಏಕೆ?

ಹಾಗಾದರೆ ಸಿ.ಟಿ. ಕೆಟ್ಟದ್ದೇ? ಅಲ್ಲ. ಚಿಕಿತ್ಸೆ ಕೊಟ್ಟರೂ ಮಗುವಿನ ಸ್ಥಿತಿ ಹದಗೆಡುತ್ತಿದ್ದರೆ, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಂಡಿದೆ ಎಂಬ ಸಂಶಯವಿದ್ದರೆ, ಎಕ್ಸ್-ರೇಯಿಂದ ಉತ್ತರ ಸಿಗದಿದ್ದರೆ ಸಿ.ಟಿ. ಬೇಕೇ ಬೇಕು. ಆಗ ವೈದ್ಯರು ಹೇಳಿದ್ದನ್ನು ಹೆದರಿ ಬಿಡಬೇಡಿ.

ಕಿರಣದ ಪ್ರಮಾಣ ಎಷ್ಟು?

ಮಣ್ಣು, ಕಲ್ಲು, ಆಕಾಶದಿಂದ ನಮ್ಮೆಲ್ಲರ ಮೈಮೇಲೆ ದಿನವೂ ಸ್ವಲ್ಪ ವಿಕಿರಣ ಬೀಳುತ್ತಲೇ ಇರುತ್ತದೆ. ಒಂದು ಎದೆಯ ಎಕ್ಸ್-ರೇಯ ಪ್ರಮಾಣ ಹಾಗೆ ಕೆಲವೇ ದಿನಗಳಲ್ಲಿ ಬೀಳುವಷ್ಟು ಮಾತ್ರ. ಆದ್ದರಿಂದ ವೈದ್ಯರು ಬರೆದ ಒಂದು ಎಕ್ಸ್-ರೇಗೆ ಅಂಜುವ ಕಾರಣವಿಲ್ಲ. ಎದೆಯ ಸಿ.ಟಿ.ಯದು ಯಂತ್ರ ಮತ್ತು ಮಗುವಿನ ತೂಕಕ್ಕೆ ತಕ್ಕಂತೆ ಹತ್ತಾರು ಎಕ್ಸ್-ರೇಗಳಿಂದ ಹಿಡಿದು ನೂರಕ್ಕೂ ಮೇಲ್ಪಟ್ಟು ಇರಬಹುದು. ಮಕ್ಕಳಿಗೆಂದು ಪ್ರಮಾಣ ತಗ್ಗಿಸಿ ತೆಗೆದರೆ ಇದು ಬಹಳ ಕಡಿಮೆಯಾಗುತ್ತದೆ. ಬೆಳೆಯುವ ಮಕ್ಕಳ ಜೀವಕೋಶಗಳು ಎಳೆಯವು, ಅವರ ಮುಂದೆ ದೀರ್ಘ ಆಯುಷ್ಯವಿದೆ. ಅದಕ್ಕೇ ಈ ಎಚ್ಚರಿಕೆ.

3. ಸೋನೋಗ್ರಫಿ

ಇದರಲ್ಲಿ ಕಿರಣವೇ ಇಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ದೇಹದೊಳಗೆ ಕಳಿಸಿ, ಅದು ತಿರುಗಿ ಬರುವುದನ್ನು ಚಿತ್ರವಾಗಿ ಮಾಡುತ್ತಾರೆ. ಮೀನುಗಾರರ ದೋಣಿಯಲ್ಲಿರುವ ಮೀನು ಪತ್ತೆ ಯಂತ್ರವನ್ನು ನೀವು ಬಲ್ಲಿರಿ. ನೀರಿನೊಳಗೆ ಶಬ್ದ ಕಳಿಸಿ ಮೀನಿನ ಹಿಂಡು ಎಲ್ಲಿದೆ ಎಂದು ಅದು ತೋರಿಸುವುದಿಲ್ಲವೇ? ಇದೂ ಅದೇ ತತ್ವ. ಎಷ್ಟು ಸಲ ಮಾಡಿದರೂ ಮಗುವಿಗೆ ನೋವಿಲ್ಲ.

ಎದೆಯ ಮೇಲೆ ಇಟ್ಟು ನೋಡಿದರೆ ಶ್ವಾಸಕೋಶದ ಅಂಚಿನ ನ್ಯುಮೋನಿಯಾ ಮತ್ತು ಸುತ್ತ ತುಂಬಿದ ನೀರು ತಿಳಿಯುತ್ತದೆ. ಮಿಸ್-ಸಿಯಲ್ಲಿ ಹೊಟ್ಟೆಯ ಸೋನೋಗ್ರಫಿ ಬಹಳ ಉಪಯುಕ್ತ. ಏಕೆಂದರೆ ಅನೇಕ ಮಕ್ಕಳಿಗೆ ಹೊಟ್ಟೆಯ ಬಲಕ್ಕೆ, ಕೆಳಗೆ ನೋವು ಬರುತ್ತದೆ. ನೋಡಿದವರು ಅಪೆಂಡಿಕ್ಸ್ ಎಂದುಕೊಳ್ಳುವುದು ಸಹಜ. ಸೋನೋಗ್ರಫಿಯಲ್ಲಿ ಊದಿಕೊಂಡ ದುಗ್ಧಗ್ರಂಥಿಗಳು, ದಪ್ಪಗಾದ ಕರುಳಿನ ಗೋಡೆ, ಹೊಟ್ಟೆಯಲ್ಲಿ ಸ್ವಲ್ಪ ನೀರು ಕಂಡು, ಅಪೆಂಡಿಕ್ಸ್ ಸರಿಯಾಗಿದ್ದರೆ ವೈದ್ಯರು ಬೇರೆ ದಿಕ್ಕಿನಲ್ಲಿ ಯೋಚಿಸುತ್ತಾರೆ.

4. ಎಕೋ – ಹೃದಯದ ಸೋನೋಗ್ರಫಿ

ಎಕೋ ಕೂಡ ಶಬ್ದದ ಅಲೆಯ ಪರೀಕ್ಷೆಯೇ. ಸೂಜಿಯಿಲ್ಲ, ಕಿರಣವಿಲ್ಲ. ಬಡಿಯುತ್ತಿರುವ ಹೃದಯವನ್ನು ಪರದೆಯ ಮೇಲೆ ನೇರವಾಗಿ ನೋಡಬಹುದು. ಮಿಸ್-ಸಿ ಸಂಶಯವಿದ್ದಾಗ ಇದರಲ್ಲಿ ನಾಲ್ಕು ಸಂಗತಿ ನೋಡುತ್ತಾರೆ: ಹೃದಯ ರಕ್ತವನ್ನು ಎಷ್ಟು ಬಲವಾಗಿ ತಳ್ಳುತ್ತಿದೆ, ಕವಾಟಗಳು ಸೋರುತ್ತಿವೆಯೇ, ಹೃದಯದ ಸುತ್ತ ನೀರಿದೆಯೇ, ಮತ್ತು ಹೃದಯಕ್ಕೇ ರಕ್ತ ಕೊಡುವ ಕೊರೋನರಿ ರಕ್ತನಾಳಗಳು ಹಿಗ್ಗಿವೆಯೇ.

ಕೊರೋನಾ, ಕೊರೋನರಿ ಎಂಬ ಎರಡು ಶಬ್ದ ಕೇಳಿ ಹಲವರು ಗೊಂದಲಪಡುತ್ತಾರೆ. ಎರಡರ ಮೂಲವೂ ಲ್ಯಾಟಿನ್ನಿನ ಕಿರೀಟ ಎಂಬ ಶಬ್ದ. ವೈರಾಣುವಿನ ಮೈಮೇಲೆ ಕಿರೀಟದಂಥ ಮುಳ್ಳುಗಳಿವೆ. ಈ ರಕ್ತನಾಳಗಳು ಹೃದಯವನ್ನು ಕಿರೀಟದಂತೆ ಸುತ್ತಿಕೊಂಡಿವೆ. ಹೆಸರು ಒಂದೇ ಬೇರಿನದಾದರೂ ವಸ್ತುಗಳು ಬೇರೆ.

ರಕ್ತನಾಳ ಎಲ್ಲಾದರೂ ಬಲೂನಿನಂತೆ ಹಿಗ್ಗಿದರೆ ಅಲ್ಲಿ ರಕ್ತ ನಿಧಾನವಾಗಿ ಸುಳಿದು ಹೆಪ್ಪುಗಟ್ಟಬಹುದು. ಹೆಪ್ಪು ದಾರಿ ಮುಚ್ಚಿದರೆ ಚಿಕ್ಕ ಮಗುವಿಗೂ ಹೃದಯಾಘಾತವಾಗಬಹುದು. ಹೊರಗಿನಿಂದ ನೋಡಿದರೆ ಇದು ತಿಳಿಯುವುದಿಲ್ಲ. ಮಗು ಓಡಿಯಾಡಿಕೊಂಡೇ ಇರುತ್ತದೆ.

ಒಬ್ಬ ತಾಯಿಯ ಅನುಭವ

2021ರ ಜೂನ್ ತಿಂಗಳು. ಹೊನ್ನಾವರ ಕಡೆಯ ಮೀನುಗಾರ ಕುಟುಂಬದ ತಾಯಿಯೊಬ್ಬರು ಎಂಟು ವರ್ಷದ ಮಗನನ್ನು ಕರೆತಂದರು. ನಾಲ್ಕು ದಿನದ ಜ್ವರ, ಹೊಟ್ಟೆನೋವು, ಕಣ್ಣು ಕೆಂಪು. "ಅಪೆಂಡಿಕ್ಸ್ ಇರಬಹುದು ಎಂದಿದ್ದಾರೆ ಸಿಸ್ಟರ್" ಎಂದರು. ಒಂದು ತಿಂಗಳ ಹಿಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳಿದಾಗ ತಾಯಿ ಇಲ್ಲವೆಂದರು. ಜೊತೆಗಿದ್ದ ಅಜ್ಜಿ ಮೆಲ್ಲಗೆ, "ನಂಗೆ ಬಂದಿತ್ತು ಮಗಾ, ಹೇಳಿದ್ರೆ ಎಲ್ಲಿ ಎತ್ಕೊಂಡು ಹೋಗ್ತಾರೋ ಅಂತ ಹೇಳಲಿಲ್ಲ" ಎಂದರು. ಆ ಒಂದು ಮಾತಿನಿಂದ ದಾರಿ ತೆರೆಯಿತು. ಸೋನೋಗ್ರಫಿಯಲ್ಲಿ ಅಪೆಂಡಿಕ್ಸ್ ಸರಿಯಾಗಿತ್ತು. ಎಕೋದಲ್ಲಿ ಹೃದಯದ ಬಡಿತ ದುರ್ಬಲವಾಗಿ, ಒಂದು ಕೊರೋನರಿ ರಕ್ತನಾಳ ಸ್ವಲ್ಪ ಹಿಗ್ಗಿದ್ದು ಕಂಡಿತು. ದೊಡ್ಡ ಆಸ್ಪತ್ರೆಗೆ ಕಳಿಸಲಾಯಿತು. ಇಮ್ಯುನೋಗ್ಲೋಬ್ಯುಲಿನ್ ಮತ್ತು ಸ್ಟೀರಾಯ್ಡ್ ಚಿಕಿತ್ಸೆಯಿಂದ ಹುಡುಗ ಚೇತರಿಸಿಕೊಂಡು ಮನೆಗೆ ಬಂದ.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಆರು ವಾರಕ್ಕೆ ಮತ್ತೆ ಎಕೋ ಮಾಡಿಸಬೇಕೆಂದು ಬರೆದಿದ್ದರು. ಅದು ಜುಲೈ ತಿಂಗಳು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ದೋಣಿಗಳು ದಡದಲ್ಲಿದ್ದವು, ಕೈಯಲ್ಲಿ ಕಾಸಿಲ್ಲ. "ಹುಡುಗ ಅಂಗಳದಲ್ಲಿ ಕ್ರಿಕೆಟ್ ಆಡ್ತಾ ಇದ್ದಾನೆ, ಅಷ್ಟು ದೂರ ಹೋಗಿ ಏನು ಮಾಡುವುದು?" ಎಂದು ತಾಯಿ ಫೋನಿನಲ್ಲಿ ಕೇಳಿದರು. ಅವರ ಕಷ್ಟ ನನಗೆ ಅರ್ಥವಾಗಿತ್ತು. ಒಂದು ದಿನದ ಪ್ರಯಾಣವೆಂದರೆ ಬಸ್ಸಿನ ಹಣ, ಊಟ, ಮನೆಯಲ್ಲಿ ಉಳಿದ ಮಕ್ಕಳ ಚಿಂತೆ. ಆದರೂ, "ಅಕ್ಕಾ, ಹೊರಗಿನಿಂದ ಕಾಣದ್ದನ್ನು ನೋಡಲಿಕ್ಕೇ ಈ ಪರೀಕ್ಷೆ. ಇದೊಂದು ಸಲ ಹೋಗಿ ಬನ್ನಿ" ಎಂದೆ. ಅವರು ಹೋದರು. ಹೃದಯದ ಬಲ ಪೂರ್ತಿ ಮರಳಿತ್ತು, ಆದರೆ ರಕ್ತನಾಳ ಇನ್ನೂ ಸ್ವಲ್ಪ ಹಿಗ್ಗಿಯೇ ಇತ್ತು. ನಿಲ್ಲಿಸಬೇಕೆಂದಿದ್ದ ಆಸ್ಪಿರಿನ್ ಮಾತ್ರೆಯನ್ನು ವೈದ್ಯರು ಮುಂದುವರಿಸಿದರು, ಜೋರಾಗಿ ಓಡುವ ಆಟ ಕೆಲ ಕಾಲ ಬೇಡವೆಂದರು. ಮುಂದಿನ ಎಕೋದಲ್ಲಿ ರಕ್ತನಾಳ ಸರಿಯಾಗಿತ್ತು. ಆ ದಿನ ಹೋಗದಿದ್ದರೆ ಮಾತ್ರೆ ನಿಂತುಹೋಗುತ್ತಿತ್ತು. ಏನಾಗುತ್ತಿತ್ತೋ ಎಂದು ಯೋಚಿಸಲು ನನಗೆ ಈಗಲೂ ಇಷ್ಟವಿಲ್ಲ.

ಸಾಮಾನ್ಯವಾಗಿ ಮಿಸ್-ಸಿ ಆದ ಮಗುವಿಗೆ 1-2 ವಾರಗಳ ನಂತರ ಒಮ್ಮೆ ಮತ್ತು 4-6 ವಾರಗಳ ನಂತರ ಇನ್ನೊಮ್ಮೆ ಎಕೋ ಮಾಡಿ ನೋಡುತ್ತಾರೆ. ತೊಂದರೆ ಉಳಿದಿದ್ದರೆ ಇನ್ನೂ ಹೆಚ್ಚು ಸಲ. ಕೆಲವರಿಗೆ ತಿಂಗಳುಗಳ ನಂತರ ಹೃದಯದ ಎಂ.ಆರ್.ಐ. ಬೇಕಾಗಬಹುದು. ಸಮಾಧಾನದ ಸಂಗತಿಯೆಂದರೆ, ಬಹುಪಾಲು ಮಕ್ಕಳ ಹೃದಯ ಪೂರ್ತಿ ಸರಿಯಾಗುತ್ತದೆ.

ಕವಾಸಾಕಿ ಕಾಯಿಲೆ – ಹಳೆಯ ನೆಂಟ

ಕೊರೋನಾ ಬರುವುದಕ್ಕೂ ಬಹಳ ಹಿಂದೆ, 1967ರಲ್ಲಿ, ಜಪಾನಿನ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ ಅವರು ಇಂಥದೇ ಒಂದು ಕಾಯಿಲೆಯನ್ನು ವಿವರಿಸಿ ಬರೆದರು. ಐದು ದಿನ ಮೀರಿದ ಜ್ವರ, ಕೀವಿಲ್ಲದ ಕೆಂಪು ಕಣ್ಣು, ಒಡೆದ ಕೆಂಪು ತುಟಿ, ಕುತ್ತಿಗೆಯಲ್ಲಿ ಗಂಟು, ಊದಿದ ಕೈಕಾಲು, ದದ್ದು ಇದರ ಲಕ್ಷಣ. ಇದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಮಿಸ್-ಸಿ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡ ಮಕ್ಕಳಿಗೆ. ಚಿಕಿತ್ಸೆ ಸಿಗದಿದ್ದರೆ ಕವಾಸಾಕಿಯಾದ ನಾಲ್ಕು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಕೊರೋನರಿ ರಕ್ತನಾಳ ಹಿಗ್ಗುತ್ತದೆ. ಮೊದಲ ಹತ್ತು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಈ ಅಪಾಯ ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ಮಿಸ್-ಸಿ ಕಡಿಮೆಯಾದರೂ ಕವಾಸಾಕಿ ಈಗಲೂ ಬರುತ್ತಲೇ ಇದೆ. ಆದ್ದರಿಂದ ಎಕೋದ ಪಾಠ ಹಳತಾಗಿಲ್ಲ.

ನಮ್ಮ ಕಡೆಯ ಬೇರೆ ಜ್ವರಗಳು

ಎಲ್ಲ ಜ್ವರವೂ ಕೊರೋನಾ ಅಲ್ಲ. ಮಳೆಗಾಲದಲ್ಲಿ ಡೆಂಗ್ಯೂ, ಇಲಿಜ್ವರ ಬರುತ್ತವೆ. ಹೊನ್ನಾವರದ ಘಟ್ಟದ ಬುಡದ ಹಳ್ಳಿಗಳಲ್ಲಿ ಬೇಸಿಗೆಗೆ ಮುನ್ನ ಮಂಗನ ಕಾಯಿಲೆಯ ಭಯವೂ ಇದೆ. ಡೆಂಗ್ಯೂದಲ್ಲಿಯೂ ಹೊಟ್ಟೆನೋವು, ದದ್ದು, ಹೊಟ್ಟೆಯಲ್ಲಿ ನೀರು ಇರಬಹುದು. ಆದ್ದರಿಂದ ವೈದ್ಯರು ಚಿತ್ರದ ಜೊತೆ ರಕ್ತ ಪರೀಕ್ಷೆಯನ್ನೂ ಬರೆಯುತ್ತಾರೆ. ಮಗು ಕಾಡಿಗೆ ಹೋಗಿತ್ತೇ, ಉಣ್ಣಿ ಕಚ್ಚಿತ್ತೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ, ಮನೆಯಲ್ಲಿ ಯಾರಿಗೆ ಜ್ವರವಿತ್ತು ಎಂಬುದನ್ನು ಮುಚ್ಚಿಡದೆ ಹೇಳಿ. ನಿಮ್ಮ ಮಾತು ಯಾವ ಯಂತ್ರಕ್ಕಿಂತಲೂ ಕಡಿಮೆಯದ್ದಲ್ಲ.

ಪರೀಕ್ಷೆಗೆ ಮಗುವನ್ನು ಸಿದ್ಧಪಡಿಸುವುದು

1. ಎಕ್ಸ್-ರೇಗೆ ಬರುವಾಗ ಕೊರಳಿನ ಸರ, ತಾಯಿತ, ಲೋಹದ ಗುಂಡಿಯ ಅಂಗಿ ತೆಗೆಯಿರಿ. ಅವುಗಳ ನೆರಳು ಕಾಯಿಲೆಯಂತೆ ಕಾಣಬಹುದು.
2. ಮಗು ಅಲುಗಾಡಿದರೆ ಚಿತ್ರ ಮಸುಕಾಗಿ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಹಿಡಿದುಕೊಳ್ಳುವವರು ಸೀಸದ ಏಪ್ರನ್ ಹಾಕಿಕೊಳ್ಳಿ. ಬಸುರಿ ತಾಯಿ ಅಥವಾ ಬಸುರಿನ ಸಂಶಯ ಇರುವವರು ಹಿಡಿಯಬೇಡಿ. ತಂದೆಯೋ ಅಜ್ಜಿಯೋ ಹಿಡಿಯಲಿ.
3. ಹೊಟ್ಟೆಯ ಸೋನೋಗ್ರಫಿಗೆ ಎಷ್ಟು ಹೊತ್ತು ಉಪವಾಸವಿರಬೇಕೆಂದು ಮೊದಲೇ ಕೇಳಿಕೊಳ್ಳಿ. ಹಾಲು ಕುಡಿಯುವ ಕೂಸಿಗೆ ತುಂಬ ಹೊತ್ತು ಉಪವಾಸ ಮಾಡಿಸಬಾರದು.
4. ಎಕೋಗೆ ಸಾಮಾನ್ಯವಾಗಿ ಉಪವಾಸ ಬೇಡ. ಕೂಸಿಗೆ ಹಾಲು ಕೊಟ್ಟು, ನಿದ್ದೆ ಬರುವ ಹೊತ್ತಿಗೆ ಕರೆತಂದರೆ ಒಳ್ಳೆಯದು. ದೊಡ್ಡ ಮಗುವಿಗೆ "ಜೆಲ್ಲಿ ಹಚ್ಚಿ ಟಿ.ವಿ. ತೋರಿಸುತ್ತಾರೆ, ನೋವಾಗುವುದಿಲ್ಲ" ಎಂದು ನಿಜವನ್ನೇ ಹೇಳಿ. "ಸೂಜಿ ಚುಚ್ಚಿಸುತ್ತೇನೆ" ಎಂದು ಹೆದರಿಸಬೇಡಿ.
5. ಹಳೆಯ ಫಿಲ್ಮ್, ಸಿ.ಡಿ., ವರದಿ ಎಲ್ಲವನ್ನೂ ಒಂದೇ ಚೀಲದಲ್ಲಿಡಿ. ಹಿಂದಿನ ಚಿತ್ರ ಕೈಯಲ್ಲಿದ್ದರೆ ಅದೇ ಪರೀಕ್ಷೆ ಮತ್ತೆ ಮಾಡಿಸುವುದು ತಪ್ಪುತ್ತದೆ, ಹೋಲಿಸಿ ನೋಡಲೂ ಆಗುತ್ತದೆ. ಫಿಲ್ಮನ್ನು ಮಳೆಯಲ್ಲಿ ನೆನೆಸಬೇಡಿ, ಮಡಚಬೇಡಿ.

ಕಾಯಬಾರದ ಲಕ್ಷಣಗಳು

ಇವುಗಳಲ್ಲಿ ಒಂದು ಕಂಡರೂ ಸ್ಕ್ಯಾನಿಂಗ್ ಬೇಕೋ ಬೇಡವೋ ಎಂದು ಯೋಚಿಸುತ್ತ ಮನೆಯಲ್ಲಿ ಕೂರಬೇಡಿ. ಕೂಡಲೇ ಹತ್ತಿರದ ಆಸ್ಪತ್ರೆಗೆ ಬನ್ನಿ.

- ವೇಗದ ಉಸಿರಾಟ: ಮಗು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, 2 ತಿಂಗಳಿಂದ 1 ವರ್ಷದವರೆಗೆ 50, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು.
- ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ನರಳುವುದು, ತುಟಿ ನೀಲಿಯಾಗುವುದು.
- ಆಮ್ಲಜನಕ 94ಕ್ಕಿಂತ ಕಡಿಮೆ.
- ಮೂರು ದಿನ ದಾಟಿದ ಜ್ವರದ ಜೊತೆ ಕೆಂಪು ಕಣ್ಣು, ದದ್ದು, ಜೋರು ಹೊಟ್ಟೆನೋವು.
- ಹಾಲು ಕುಡಿಯದಿರುವುದು, ಮೂತ್ರ ಕಡಿಮೆಯಾಗುವುದು, ತಣ್ಣನೆಯ ಕೈಕಾಲು, ಎಬ್ಬಿಸಿದರೂ ಏಳದ ಮಂಪರು.

ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಕುಮಟಾದಿಂದ ಕಾರವಾರಕ್ಕೆ ಸುಮಾರು 70 ಕಿ.ಮೀ. ಇಷ್ಟು ದೂರ ಇರುವವರು ರಾತ್ರಿಯವರೆಗೆ ಕಾದು ಹೊರಡುವುದಕ್ಕಿಂತ ಮಧ್ಯಾಹ್ನವೇ ತೋರಿಸುವುದು ಲೇಸು. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ, ಸಲೈನ್ ಹಚ್ಚಿಸಿಕೊಂಡು ನಂತರ ಮುಂದೆ ಹೋಗುವುದು ಸುರಕ್ಷಿತ. 108ಕ್ಕೆ ಕರೆ ಮಾಡಿ. ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಕಾರ್ಡನ್ನು ವರದಿಗಳ ಚೀಲದಲ್ಲೇ ಇಟ್ಟುಕೊಳ್ಳಿ.

ವೈದ್ಯರನ್ನು ಕೇಳಬಹುದಾದ ಪ್ರಶ್ನೆಗಳು

ಕೇಳಲು ಸಂಕೋಚ ಬೇಡ. ಈ ಪರೀಕ್ಷೆಯಿಂದ ಏನು ತಿಳಿಯುತ್ತದೆ? ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ? ಕಿರಣವಿಲ್ಲದ ಪರೀಕ್ಷೆಯಿಂದ ಇದೇ ಉತ್ತರ ಸಿಗುವುದೇ? ಮುಂದಿನ ಎಕೋ ಯಾವ ದಿನಾಂಕಕ್ಕೆ? ಉತ್ತರವನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ. ಮನೆಯಲ್ಲಿ ಕೊಂಕಣಿ, ನವಾಯತಿ, ಉರ್ದು ಮಾತನಾಡುವ ಹಿರಿಯರಿದ್ದರೆ ಅವರ ಭಾಷೆಯಲ್ಲೇ ಇದನ್ನು ಓದಿ ಹೇಳಿ. ಮಗುವಿನ ಜ್ವರವನ್ನು ಮೊದಲು ಕಾಣುವವರು ಬಹಳ ಸಲ ಅಜ್ಜಿಯರೇ.

ಕೊನೆಯದಾಗಿ ಒಂದು ಕೋರಿಕೆ. ಈ ಹಾಳೆ ಓದಿಯಾದ ಮೇಲೆ ನಿಮ್ಮ ಮಗುವಿನ ಚೀಟಿಯನ್ನು ಒಮ್ಮೆ ತೆರೆದು ನೋಡಿ. ಮುಂದಿನ ಪರೀಕ್ಷೆಯ ದಿನಾಂಕ ಅದರಲ್ಲಿ ಬರೆದಿದ್ದರೆ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬರೆದಿಲ್ಲದಿದ್ದರೆ ಇಂದೇ, ಇಲ್ಲಿಂದ ಏಳುವ ಮುನ್ನ ನಮ್ಮನ್ನು ಕೇಳಿ.

ನಿಮ್ಮ ಮಗು ಬೇಗ ಗುಣವಾಗಲಿ.

– ಶುಶ್ರೂಷಾ ಶಿಕ್ಷಣ ವಿಭಾಗ